ದಾಳಿಂಬೆ ಕತ್ತರಿ ತೊಳೀತೀವಿ, ಕಣ್ಣು ನೋಡೋ ಸಾಧನ?

ದಾಳಿಂಬೆ ಹಾಕಿದವರಿಗೆ ಈ ಮಾತು ಹೊಸದಲ್ಲ. ಚಾಟ್ನಿ ಮಾಡುವಾಗ ಒಂದು ಗಿಡ ಮುಗಿಸಿ ಮುಂದಿನ ಗಿಡಕ್ಕೆ ಕೈ ಹಾಕುವ ಮೊದಲು ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದುತ್ತೀವಿ. ಯಾಕೆ ಅಂದರೆ ದುಂಡಾಣು ಅಂಗಮಾರಿ ರೋಗ ಗಾಳಿ-ಮಳೆಯಿಂದ ಹರಡೋದು ಒಂದು ಕಡೆ, ನಮ್ಮ ಕತ್ತರಿಯಿಂದಲೇ ಹರಡೋದು ಇನ್ನೊಂದು ಕಡೆ. ಗಿಡಕ್ಕೆ ಒಳ್ಳೆಯದು ಮಾಡೋಕೆ ಹೋಗಿ ರೋಗ ಅಂಟಿಸಿ ಬಂದರೆ ತೋಟವೇ ಹೋಗುತ್ತೆ.

ಕಣ್ಣಿನ ತಪಾಸಣೆಯೂ ಹಾಗೇ. ಕಣ್ಣಿಗೆ ಒಳ್ಳೆಯದಾಗಲಿ ಅಂತ ನಾವು ಶಿಬಿರಕ್ಕೆ, ಆಸ್ಪತ್ರೆಗೆ, ಚಷ್ಮಾ ಅಂಗಡಿಗೆ ಹೋಗ್ತೀವಿ. ಅಲ್ಲಿ ಒಂದೇ ಕೈ, ಒಂದೇ ಡ್ರಾಪ್ಸ್ ಬಾಟಲಿ, ಒಂದೇ ಸಾಧನ ನೂರಾರು ಕಣ್ಣು ಮುಟ್ಟುತ್ತೆ. ನಡುನಡುವೆ ಸ್ವಚ್ಛ ಮಾಡಿದರೆ ಏನೂ ತೊಂದರೆ ಇಲ್ಲ. ಮಾಡದಿದ್ದರೆ ಸಾಲಿನಲ್ಲಿ ಮುಂದೆ ಕುಂತವರ ರೋಗ ಹಿಂದೆ ಕುಂತವರಿಗೆ ಬರುತ್ತೆ.

ಇದನ್ನು ಓದಿ ತಪಾಸಣೆಗೆ ಹೋಗೋದೇ ಬಿಡಬೇಡಿ. ಸಕ್ಕರೆ ಕಾಯಿಲೆ ಇದ್ದವರು, ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲುಕೋಮಾ ಇದ್ದವರು ಕಣ್ಣು ತೋರಿಸಲೇಬೇಕು. ನಾವು ಹೇಳ್ತಿರೋದು ಇಷ್ಟೇ: ತಪಾಸಣೆಯಲ್ಲಿ ಏನೇನು ಮಾಡ್ತಾರೆ, ಯಾವುದು ಕಣ್ಣಿಗೆ ತಾಗುತ್ತೆ, ಅದು ಸ್ವಚ್ಛ ಇದೆಯಾ ಅಂತ ನೋಡೋದು ಹೇಗೆ, ಇಲ್ಲದಿದ್ದರೆ ಕೇಳೋದು ಹೇಗೆ ಅನ್ನೋದು ನಿಮಗೆ ಗೊತ್ತಿರಲಿ.

ನಮ್ಮ ಕಡೆ ಈ ಎಚ್ಚರ ಯಾಕೆ ಜಾಸ್ತಿ ಬೇಕು

ಸಿಂಧನೂರು, ಮಸ್ಕಿ ಕಡೆ ಎಡದಂಡೆ ಕಾಲುವೆ ನೀರಿಗೆ ನೆಲ್ಲು ಬೆಳೆಯುವ ಊರು, ಕ್ಯಾಂಪುಗಳೇ ಹೆಚ್ಚು. ಸುಗ್ಗಿ ಬಂತೆಂದರೆ ಹಾರ್ವೆಸ್ಟರ್ ಧೂಳು, ರಸ್ತೆ ಮೇಲೆ ನೆಲ್ಲು ಒಣಹಾಕೋದು, ತೂರೋದು, ಚೀಲ ತುಂಬೋದು. ಲಿಂಗಸುಗೂರು ಕಡೆ ತೊಗರಿ, ಜೋಳ, ಸಜ್ಜೆ ರಾಶಿ. ಯಾವ ಬೆಳೆಯೇ ಇರಲಿ, ಹೊಟ್ಟು, ಸುಂಕು, ಕಡ್ಡಿ ಚೂರು ಕಣ್ಣಿಗೆ ಬೀಳೋದು ದಿನದ ಮಾತು.

ಕಣ್ಣಿನ ಕರಿಗುಡ್ಡೆ ಮೇಲೆ ಗಾಜಿನಂಥ ಒಂದು ಪದರ ಇದೆ. ಅದಕ್ಕೆ ಕಾರ್ನಿಯಾ ಅಂತಾರೆ. ಆ ಪದರ ಗಟ್ಟಿ ಇದ್ದಾಗ ಎಷ್ಟೋ ರೋಗಾಣು ಕಣ್ಣೀರಲ್ಲಿ ತೊಳೆದುಕೊಂಡು ಹೋಗ್ತವೆ. ನೆಲ್ಲಿನ ಸುಂಕು ಅಲ್ಲೊಂದು ಗೀರು ಹಾಕಿತು ಅಂದರೆ ಒಡ್ಡು ಒಡೆದ ಹಾಗೆ, ರೋಗಾಣು ಒಳಗೆ ನುಗ್ಗಲು ದಾರಿ ಆಯಿತು. ಹೊಲದ ಕಸದ ಜೊತೆ ಬರೋದು ಬ್ಯಾಕ್ಟೀರಿಯಾ ಮಾತ್ರ ಅಲ್ಲ, ಶಿಲೀಂಧ್ರವೂ ಬರುತ್ತೆ. ತೊಗರಿಗೆ ಸೊರಗು ರೋಗ ತರುವ ಫ್ಯುಸೇರಿಯಂ ಹೆಸರು ಕೇಳಿದ್ದೀರಲ್ಲ, ಅದೇ ಕುಲದ ಶಿಲೀಂಧ್ರಗಳು ಮನುಷ್ಯರ ಕಣ್ಣಿನಲ್ಲೂ ಹುಣ್ಣು ಮಾಡ್ತವೆ.

1994ರಲ್ಲಿ ಮಧುರೈನಲ್ಲಿ ಕಾರ್ನಿಯಾ ಹುಣ್ಣು ಆಗಿ ಬಂದ 434 ಜನರನ್ನು ಮೂರು ತಿಂಗಳ ಕಾಲ ಪರೀಕ್ಷೆ ಮಾಡಿ ಒಂದು ಅಧ್ಯಯನ ನಡೆಯಿತು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಹುಣ್ಣು ಆಗುವ ಮೊದಲು ಕಣ್ಣಿಗೆ ಪೆಟ್ಟು ಬಿದ್ದಿತ್ತು, ಹೆಚ್ಚಿನದು ಹೊಲದ ಕೆಲಸದಲ್ಲಿ. ಸೋಂಕಿಗೆ ಶಿಲೀಂಧ್ರ ಕಾರಣವಾದದ್ದು ಬ್ಯಾಕ್ಟೀರಿಯಾದಷ್ಟೇ. ಅಲ್ಲಿಯ ಬೇಸಾಯ, ನಮ್ಮ ಬೇಸಾಯ ಬಹಳ ಬೇರೆ ಏನಲ್ಲ.

ಈಗ ಶಿಬಿರದ ಬೆಂಚು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ಹುಡುಗನಿಗೆ ಕಣ್ಣು ಬಂದು ಕೆಂಪಾಗಿದೆ, ಪಿಸುರು ಸುರೀತಿದೆ. ಅವನ ಪಕ್ಕ ಕುಂತವರು ನಿನ್ನೆ ನೆಲ್ಲು ತೂರುವಾಗ ಸುಂಕು ಬಿದ್ದು ಕಣ್ಣಲ್ಲಿ ಗೀರು ಮಾಡಿಕೊಂಡವರು. ಇಬ್ಬರಿಗೂ ಒಂದೇ ಕೈ, ಒಂದೇ ಸಾಧನ. ಗೀರು ಆದ ಕಣ್ಣಿಗೆ ಹುಡುಗನ ಸೋಂಕು ತಾಗಿದರೆ ತೊಂದರೆ ಎರಡು ಪಟ್ಟು.

ಕಣ್ಣಿಂದ ಕಣ್ಣಿಗೆ ರೋಗ ಹೋಗೋದು ಹೇಗೆ

"ಕಣ್ಣು ಬಂದಾವ, ಅವನ ಮಾರಿ ನೋಡಬ್ಯಾಡ" ಅಂತ ಹಿರಿಯರು ಹೇಳ್ತಾರೆ. ನೋಡಿದರೆ ರೋಗ ಬರಲ್ಲ. ಮುಟ್ಟಿದರೆ ಬರುತ್ತೆ. ಅವನ ಕಣ್ಣೀರು ಅವನ ಕೈಗೆ, ಅಲ್ಲಿಂದ ಟವೆಲ್, ಬಾಗಿಲ ಚಿಲಕ, ಮೊಬೈಲ್, ಬೈಕಿನ ಹ್ಯಾಂಡಲ್‌ಗೆ, ಅಲ್ಲಿಂದ ನಿಮ್ಮ ಕೈಗೆ, ನಿಮ್ಮ ಕೈಯಿಂದ ನಿಮ್ಮ ಕಣ್ಣಿಗೆ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಹಬ್ಬಿದಾಗ ಶಾಲೆ, ಹಾಸ್ಟೆಲ್‌ಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿದ್ದೂ ಹೀಗೇ.

ಕಣ್ಣು ಬರೋದಕ್ಕೆ ಬಹಳ ಸಲ ಕಾರಣವಾಗುವ ಅಡಿನೋವೈರಸ್ ಮೊಂಡು ಜಾತಿಯದು. ಒಣಗಿದ ಮೇಜು, ಪ್ಲಾಸ್ಟಿಕ್ಕು, ಲೋಹದ ಮೇಲೂ ವಾರಗಟ್ಟಲೆ ಬದುಕಿರಬಲ್ಲದು. ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗಲ್ಲ.

ತಪಾಸಣೆ ಜಾಗದಿಂದಲೇ ರೋಗ ಹರಡಿದ ಒಂದು ಹಳೆಯ ಪ್ರಕರಣ ವೈದ್ಯರಿಗೆಲ್ಲ ಗೊತ್ತು. ಎರಡನೇ ಮಹಾಯುದ್ಧದ ಕಾಲ, 1940ರ ದಶಕದ ಆರಂಭ. ಅಮೆರಿಕದ ಹಡಗು ಕಟ್ಟುವ ಯಾರ್ಡ್‌ಗಳಲ್ಲಿ ಸಾವಿರಾರು ಕೂಲಿಕಾರರು. ಕಬ್ಬಿಣ ಉಜ್ಜುವಾಗ ಚೂರು ಹಾರಿ ಕಣ್ಣಿಗೆ ಬೀಳ್ತಿತ್ತು. ಯಾರ್ಡಿನ ದವಾಖಾನೆಗೆ ಹೋಗಿ ಚೂರು ತೆಗೆಸಿಕೊಂಡು ಬರ್ತಿದ್ದರು. ಕೆಲವು ದಿನ ಬಿಟ್ಟು ಕಣ್ಣು ಕೆಂಪಾಗಿ ಊದಿಕೊಳ್ತಿತ್ತು. ಚೂರು ತೆಗೆಯುವ ಕೈ, ಸಾಧನ, ಡ್ರಾಪ್ಸ್ ಮೂಲಕವೇ ರೋಗ ಹರಡ್ತಿತ್ತು ಅಂತ ಆಮೇಲೆ ತಿಳಿಯಿತು. ಆ ರೋಗಕ್ಕೆ 'ಶಿಪ್‌ಯಾರ್ಡ್ ಐ' ಅಂತಲೇ ಹೆಸರು ಬಿತ್ತು. ಅದನ್ನು ತರುವ ಅಡಿನೋವೈರಸ್ ಯಾವುದು ಅಂತ ಗೊತ್ತಾಗಿದ್ದು 1955ರಲ್ಲಿ.

ಅವರಿಗೆ ಕಬ್ಬಿಣದ ಚೂರು, ನಮಗೆ ನೆಲ್ಲಿನ ಸುಂಕು. ಪಾಠ ಒಂದೇ.

ಶಿಬಿರ ಬದಲಾಗಿದೆ, ಎಚ್ಚರವೂ ಬದಲಾಗಬೇಕು

ನಮ್ಮ ಉತ್ತರ ಕರ್ನಾಟಕಕ್ಕೆ ಕಣ್ಣಿನ ಶಿಬಿರ ಹೊಸದಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರು ತಿರುಗಿ ಶಿಬಿರ ಮಾಡಿ ಲಕ್ಷಾಂತರ ಜನರ ಪೊರೆ ತೆಗೆದವರು. ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಶಾಲೆ, ಛತ್ರದಲ್ಲೇ ಆಪರೇಷನ್ ಆಗ್ತಿತ್ತು. ಸೋಂಕಿನ ಭಯದಿಂದ ಆ ಪದ್ಧತಿ ಈಗ ಬಿಟ್ಟಿದ್ದಾರೆ. ಇವತ್ತು ಊರಲ್ಲಿ ನಡೆಯೋದು ತಪಾಸಣೆ ಮಾತ್ರ. ಪೊರೆ ಇದ್ದವರನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಥಿಯೇಟರಿನಲ್ಲಿ ಆಪರೇಷನ್ ಮಾಡ್ತಾರೆ.

ಆದ್ದರಿಂದ ಆಪರೇಷನ್ ಕಡೆ ಎಲ್ಲರ ಗಮನ ಇರುತ್ತೆ. ತಪಾಸಣೆಯಲ್ಲಿ "ಬರೀ ನೋಡೋದು ತಾನೇ" ಅನ್ನೋ ಅಸಡ್ಡೆ ಬರಬಹುದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಇನ್ನೂರು ಜನ ಮುಗಿಸಬೇಕು, ನಳದಲ್ಲಿ ನೀರಿಲ್ಲ, ಸೋಪಿಲ್ಲ, ಜನ ನುಗ್ತಿದ್ದಾರೆ. ಇಂಥ ಹೊತ್ತಲ್ಲೇ ಕೈ ತೊಳೆಯೋದು ಮರೆತು ಹೋಗೋದು.

ಯಾವ ಸಾಧನ, ಏನು ಅಪಾಯ, ಏನು ನೋಡಬೇಕು

1. ಓದುವ ಹಲಗೆ ಮತ್ತು ಟ್ರಯಲ್ ಫ್ರೇಮ್. ಅಕ್ಷರದ ಹಲಗೆ ದೂರ ಇರುತ್ತೆ, ಅದರಿಂದ ಏನೂ ಇಲ್ಲ. ಒಂದು ಕಣ್ಣು ಮುಚ್ಚಲು ಕೊಡುವ ಕಪ್ಪು ಚಮಚದಂಥ ವಸ್ತು, ಮೂಗಿನ ಮೇಲೆ ಇಡುವ ಭಾರದ ಚಷ್ಮಾ ಎರಡೂ ಚರ್ಮಕ್ಕೆ ತಾಗ್ತವೆ. ಇವನ್ನು ಒಬ್ಬರಿಂದ ಒಬ್ಬರಿಗೆ ಸ್ಪಿರಿಟ್ ಹತ್ತಿಯಲ್ಲಿ ಒರೆಸಬೇಕು. ಇಲ್ಲಿ ಅಪಾಯ ಕಡಿಮೆ, ಆದರೂ ಕಣ್ಣು ಕೆಂಪಾದವರು ಹಾಕಿದ ಫ್ರೇಮು ಒರೆಸದೇ ನಿಮ್ಮ ಮೂಗಿಗೆ ಬರಬಾರದು.

2. ಸ್ಲಿಟ್ ಲ್ಯಾಂಪ್. ಗದ್ದ ಇಟ್ಟು, ಹಣೆ ಒತ್ತಿ ಕೂರುವ ಯಂತ್ರ. ಕಣ್ಣಿಗೆ ಬರೀ ಬೆಳಕು ಬೀಳುತ್ತೆ. ಆದರೆ ಗದ್ದ, ಹಣೆ, ಹಿಡಿದುಕೊಳ್ಳುವ ಹಿಡಿಕೆ ಎಲ್ಲರೂ ಮುಟ್ಟಿದ ಜಾಗ. ಗದ್ದದ ಜಾಗಕ್ಕೆ ಕಾಗದದ ಹಾಳೆ ಇದ್ದರೆ ಹೊಸದು ಎಳೆಯಬೇಕು, ಇಲ್ಲದಿದ್ದರೆ ಒರೆಸಬೇಕು. ಎದ್ದ ಮೇಲೆ ಆ ಕೈಯಲ್ಲಿ ಕಣ್ಣು ಉಜ್ಜಬೇಡಿ.

3. ವೈದ್ಯರ ಬೆರಳು. ರೆಪ್ಪೆ ಎತ್ತಿ ಕೆಳಗೆ ಎಳೆದು ನೋಡೋದು ಬೆರಳಿನಿಂದಲೇ. ಎಲ್ಲಕ್ಕಿಂತ ಹೆಚ್ಚು ಕಣ್ಣು ಮುಟ್ಟುವ ಸಾಧನ ಇದೇ. ಪ್ರತಿ ರೋಗಿ ಆದ ಮೇಲೆ ಕೈ ತೊಳೆಯಬೇಕು, ಇಲ್ಲವೇ ಸ್ಯಾನಿಟೈಸರ್ ಹಾಕಿ ಕೈ ಒಣಗುವ ತನಕ ಉಜ್ಜಬೇಕು. ಕಣ್ಣು ಬಂದವರನ್ನು ಮುಟ್ಟಿದ್ದರೆ ಸೋಪು-ನೀರೇ ಮೇಲು, ಅಡಿನೋವೈರಸ್ ಮೇಲೆ ಸ್ಯಾನಿಟೈಸರ್ ಅಷ್ಟು ಗಟ್ಟಿ ಕೆಲಸ ಮಾಡಲ್ಲ. ಕೈಗವಸು ಹಾಕಿದ್ದಾರೆ ಅಂತ ಸಮಾಧಾನ ಬೇಡ. ಒಂದೇ ಕೈಗವಸಿನಲ್ಲಿ ಹತ್ತು ಜನರನ್ನು ಮುಟ್ಟಿದರೆ ಬರಿಗೈಗಿಂತ ಏನೂ ಮೇಲಲ್ಲ.

4. ಡ್ರಾಪ್ಸ್ ಬಾಟಲಿ. ಕಣ್ಣಿನ ಪಾಪೆ ದೊಡ್ಡದು ಮಾಡಲು, ಕಣ್ಣು ಜೋಮು ಹಿಡಿಸಲು ಹನಿ ಹಾಕ್ತಾರೆ. ಒಂದೇ ಬಾಟಲಿಯಿಂದ ಹಲವರಿಗೆ ಹಾಕೋದು ತಪ್ಪಲ್ಲ. ಬಾಟಲಿಯ ತುದಿ ಯಾರ ರೆಪ್ಪೆಗೂ, ಕೂದಲಿಗೂ ತಾಗಬಾರದು, ಅದೇ ಮುಖ್ಯ. ತಾಗಿದರೆ ಆ ಬಾಟಲಿ ಬಿಸಾಕಬೇಕು. ಕಣ್ಣು ಬಂದವರಿಗೆ ಬೇರೆ ಬಾಟಲಿಯೇ ಇರಬೇಕು. ಸರಿಯಾದ ರೀತಿ ಅಂದರೆ ತಲೆ ಹಿಂದಕ್ಕೆ ಬಾಗಿಸಿ, ಕೆಳ ರೆಪ್ಪೆ ಎಳೆದು, ಸ್ವಲ್ಪ ಮೇಲಿಂದ ಒಂದು ಹನಿ. ಅಂದ ಹಾಗೆ ಪಾಪೆ ದೊಡ್ಡದು ಮಾಡುವ ಹನಿ ಹಾಕಿದ ಮೇಲೆ ಕೆಲವು ತಾಸು ಕಣ್ಣು ಮಂಜಾಗಿ, ಬೆಳಕು ಚುಚ್ಚುತ್ತೆ. ಅವತ್ತು ಬೈಕ್ ಹೊಡೆಯಬೇಡಿ, ಜೊತೆಗೆ ಒಬ್ಬರನ್ನು ಕರ್ಕೊಂಡು ಹೋಗಿ.

5. ಬಣ್ಣದ ಪಟ್ಟಿ. ಕಾರ್ನಿಯಾದಲ್ಲಿ ಗೀರು ಇದೆಯಾ ಅಂತ ನೋಡಲು ಕಿತ್ತಳೆ ಬಣ್ಣದ ಕಾಗದದ ಪಟ್ಟಿ ತಾಗಿಸ್ತಾರೆ. ಗೀರು ಇದ್ದಲ್ಲಿ ನೀಲಿ ಬೆಳಕಿಗೆ ಹಸಿರಾಗಿ ಹೊಳೆಯುತ್ತೆ. ಮೊದಲು ಈ ಬಣ್ಣ ನೀರಿನ ರೂಪದಲ್ಲಿ ಬಾಟಲಿಯಲ್ಲಿ ಇರ್ತಿತ್ತು. ಅದರಲ್ಲೇ ಬ್ಯಾಕ್ಟೀರಿಯಾ ಬೆಳೆದು ಕಣ್ಣು ಕೆಡಿಸಿದ ಉದಾಹರಣೆ ಆದ ಮೇಲೆ ಒಣ ಪಟ್ಟಿ ಬಂತು. ಪಟ್ಟಿ ನಿಮ್ಮ ಮುಂದೆಯೇ ಹೊಸ ಪ್ಯಾಕೆಟ್ ಹರಿದು ತೆಗೆಯಬೇಕು, ಒಬ್ಬರಿಗೆ ಒಂದೇ ಸಲ.

6. ಒತ್ತಡ ನೋಡುವ ಸಾಧನ. ಗ್ಲುಕೋಮಾ ಇದೆಯಾ ತಿಳಿಯಲು ಕಣ್ಣಿನ ಒತ್ತಡ ಅಳೆಯುತ್ತಾರೆ. ಟೋನೋಮೀಟರ್ ಅಂತಾರೆ. ಇದರಲ್ಲಿ ಮೂರು-ನಾಲ್ಕು ಜಾತಿ ಇದೆ. ಗಾಳಿ ಊದುವ ಯಂತ್ರ ಕಣ್ಣಿಗೆ ತಾಗಲ್ಲ. ಇನ್ನೊಂದರಲ್ಲಿ ಸಣ್ಣ ಕಡ್ಡಿಯಂಥ ತುದಿ ಪ್ರತಿಯೊಬ್ಬರಿಗೂ ಹೊಸದು ಹಾಕ್ತಾರೆ. ಮೂರನೆಯದು ಸ್ಲಿಟ್ ಲ್ಯಾಂಪಿಗೆ ಕೂಡಿಸಿದ ಗಾಜಿನಂಥ ತುದಿ, ಸುಮಾರು 3 ಮಿಲಿಮೀಟರ್ ಅಗಲದಷ್ಟು ಕಾರ್ನಿಯಾಗೆ ನೇರ ಒತ್ತುತ್ತೆ. ನಾಲ್ಕನೆಯದು ಮಲಗಿಸಿ ಕಣ್ಣ ಮೇಲೆ ಇಡುವ ಹಳೆಯ ಲೋಹದ ಸಾಧನ. ಈ ಕೊನೆಯ ಎರಡು ಕಣ್ಣಿಗೆ ನೇರ ತಾಗುವವು. ಅಪಾಯ ಹೆಚ್ಚು ಇರೋದು ಇಲ್ಲೇ.

7. ಕಸ ತೆಗೆಯುವ ಸೂಜಿ. ಸುಂಕು ಕಾರ್ನಿಯಾದಲ್ಲಿ ನಾಟಿದ್ದರೆ ಜೋಮು ಹಿಡಿಸುವ ಹನಿ ಹಾಕಿ ಸೂಜಿ ತುದಿಯಿಂದ ತೆಗೀತಾರೆ. ಸೂಜಿ ಹೊಸದಾಗಿರಬೇಕು, ನಿಮ್ಮ ಮುಂದೆ ಪ್ಯಾಕೆಟ್ ಒಡೆಯಬೇಕು, ಕೆಲಸ ಮುಗಿದ ಮೇಲೆ ಸೂಜಿಯ ಡಬ್ಬಿಗೆ ಹೋಗಬೇಕು. ಇದರಲ್ಲಿ ರಾಜಿ ಇಲ್ಲ.

ಸ್ಪಿರಿಟ್ ಒರೆಸಿದರೆ ಸಾಕೇ?

ಬಹಳ ಕಡೆ ಟೋನೋಮೀಟರ್ ತುದಿಗೆ ಸ್ಪಿರಿಟ್ ಹತ್ತಿ ಸವರಿ ಮುಂದಿನವರಿಗೆ ಇಡ್ತಾರೆ. ಒಂದು ಒರೆಸಿಗೆ ಅಡಿನೋವೈರಸ್ ಪೂರ್ತಿ ಸಾಯುತ್ತೆ ಅಂತ ನಂಬೋ ಹಾಗಿಲ್ಲ. ಅಮೆರಿಕದ ಕಣ್ಣಿನ ವೈದ್ಯರ ಸಂಘ ಹೇಳೋದು ಇದು: ಮನೆಯಲ್ಲಿ ಬಳಸುವ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು ಸೇರಿಸಿದ ದ್ರಾವಣದಲ್ಲಿ ತುದಿಯನ್ನು 5 ನಿಮಿಷ ಮುಳುಗಿಸಿ ಇಡಬೇಕು. ನಂತರ ಸ್ವಚ್ಛ ನೀರಲ್ಲಿ ತೊಳೆದು ಒಣಗಿಸಬೇಕು. ತೊಳೆಯದೇ ಇಟ್ಟರೆ ಬ್ಲೀಚ್ ಕಾರ್ನಿಯಾ ಸುಡುತ್ತೆ. ಸ್ಪಿರಿಟ್ ಹಸಿ ಇದ್ದಾಗ ಇಟ್ಟರೂ ಅದೇ ಗತಿ.

ಈ ಬ್ಲೀಚ್ ಬೇರೆ ಏನೂ ಅಲ್ಲ, ಸೋಡಿಯಂ ಹೈಪೋಕ್ಲೋರೈಟೇ. ದಾಳಿಂಬೆ ಕತ್ತರಿ ಅದ್ದುತ್ತೀವಲ್ಲ, ಅದೇ ಔಷಧ. ಹೊಲದಲ್ಲಿ ನಮಗೆ ಗೊತ್ತಿರೋ ಎರಡು ನಿಯಮ ಇಲ್ಲೂ ನಡೆಯುತ್ತೆ. ಒಂದು, ಮೇಲೆ ಕೊಳೆ ಇದ್ದರೆ ಔಷಧ ಹತ್ತಲ್ಲ, ಮೊದಲು ತೊಳೆಯಬೇಕು. ಎರಡು, ಅದ್ದಿ ತಕ್ಷಣ ತೆಗೆದರೆ ಕೆಲಸ ಆಗಲ್ಲ, ಹೊತ್ತು ಕೊಡಬೇಕು. ಜೊತೆಗೆ ಮೂರನೆಯದೂ ಇದೆ: ದ್ರಾವಣ ಅವತ್ತಿಂದು ಅವತ್ತೇ ಮಾಡಬೇಕು, ಬಿಸಿಲಿಗೆ, ಗಾಳಿಗೆ ಅದರ ಶಕ್ತಿ ಇಳಿಯುತ್ತೆ.

ಹಾಗಾದರೆ ಇನ್ನೂರು ಜನರ ಶಿಬಿರದಲ್ಲಿ ಒಬ್ಬರಿಗೆ ಐದು ನಿಮಿಷ ಎಲ್ಲಿಂದ ತರೋದು? ಎರಡು-ಮೂರು ತುದಿ ಇಟ್ಟುಕೊಂಡರೆ ಆಗುತ್ತೆ. ಒಂದು ಬಳಕೆಯಲ್ಲಿ, ಒಂದು ದ್ರಾವಣದಲ್ಲಿ, ಒಂದು ಒಣಗ್ತಾ ಇರುತ್ತೆ. ಇನ್ನೊಂದು ದಾರಿ, ಕಣ್ಣು ಕೆಂಪಾದವರಿಗೆ ಅವತ್ತು ಒತ್ತಡ ನೋಡದೇ ವಾಸಿಯಾದ ಮೇಲೆ ಕರೆಯೋದು.

ಇಲ್ಲಿ ಒಂದು ಎಚ್ಚರಿಕೆ: ಈ ದ್ರಾವಣ ಸಾಧನಕ್ಕೆ, ಕಣ್ಣಿಗಲ್ಲ. ಮನೆಯಲ್ಲಿ ಯಾರೂ ಇದನ್ನು ಕಣ್ಣಿನ ಹತ್ತಿರ ತರಬೇಡಿ.

ಕೇಳೋದು ಹೇಗೆ

ನಮ್ಮ ಕಡೆ ಡಾಕ್ಟರಿಗೆ ಪ್ರಶ್ನೆ ಕೇಳಿದರೆ "ದೊಡ್ಡವನಾದ್ಯಾ" ಅಂದಾರು ಅನ್ನೋ ಸಂಕೋಚ ಇದೆ. ಕೇಳೋದು ಜಗಳ ಅಲ್ಲ. ಬೀಜದಂಗಡಿಯಲ್ಲಿ ಪ್ಯಾಕೆಟ್ ತಿರುವಿ ತಾರೀಕು ನೋಡ್ತೀವಲ್ಲ, ಹಾಗೇ. ಮೂರು ಮಾತು ಸಾಕು:

"ಸಿಸ್ಟರ್, ಅಜ್ಜಗ ಡ್ರಾಪ್ಸ್ ಹಾಕೂಕಿಂತ ಮೊದಲ ಸ್ವಲ್ಪ ಕೈ ತೊಳಕೊಳ್ರಿ, ಹಿಂದಿನವರಿಗೆ ಕಣ್ಣು ಬಂದಿದ್ವು."

"ಸರ್, ಈ ಒತ್ತಡ ನೋಡೋ ಮಷಿನ್ ಕಣ್ಣಿಗೆ ತಾಗತೈತೇನ್ರಿ? ತಾಗೋದಾದ್ರ ತೊಳದಿರೇನ್ರಿ?"

"ಸೂಜಿ ಹೊಸಾದು ತಗೀರಿ ಸರ್."

ಮೆತ್ತಗೆ, ನಗುನಗುತ್ತಾ ಕೇಳಿ. ಬಹಳ ಸಿಬ್ಬಂದಿ ಗಡಿಬಿಡಿಯಲ್ಲಿ ಮರೆತಿರ್ತಾರೆ, ನೆನಪಿಸಿದರೆ ಮಾಡ್ತಾರೆ. ಯಾರಾದರೂ ಒಪ್ಪದೇ ಇದ್ದರೆ ಒತ್ತಡ ನೋಡೋದನ್ನು ಅವತ್ತು ಬಿಟ್ಟು ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ, ರಾಯಚೂರಿನ ರಿಮ್ಸ್‌ಗೋ ಹೋಗಿ. ಆದರೆ ಕಣ್ಣಿಗೆ ಪೆಟ್ಟು ಬಿದ್ದಿದ್ದರೆ ಮುಂದೂಡಬೇಡಿ, ಅವತ್ತೇ ಬೇರೆ ಕಡೆ ತೋರಿಸಿ.

ನಮ್ಮ ಕಡೆಯಿಂದಲೂ ಒಂದು ಕರ್ತವ್ಯ ಇದೆ. ನಿಮಗೆ ಕಣ್ಣು ಬಂದಿದ್ದರೆ ಸಾಲಿನಲ್ಲಿ ಸುಮ್ಮನೆ ಕುಂತು ನಿಮ್ಮ ಪಾಳಿ ಕಾಯಬೇಡಿ. ಹೋದ ತಕ್ಷಣ "ನನಗೆ ಕಣ್ಣು ಬಂದಾವ" ಅಂತ ಹೇಳಿ, ಬೇರೆ ಕೂತುಕೊಳ್ಳಿ. ರೋಗ ಹರಡುವ ಶಕ್ತಿ ಎರಡು ವಾರದ ತನಕವೂ ಇರಬಹುದು. ಬರೀ ಚಷ್ಮಾ ನಂಬರ್ ನೋಡಿಸಲು ಹೊರಟಿದ್ದರೆ ವಾಸಿಯಾದ ಮೇಲೆ ಹೋಗಿ.

ಮನೆಯ ತಪಾಸಣೆಯೇ ಎಲ್ಲಕ್ಕಿಂತ ಕೊಳಕು

ಆಸ್ಪತ್ರೆಯ ಸಾಧನದ ಬಗ್ಗೆ ಇಷ್ಟು ಹೇಳಿದ ಮೇಲೆ ನಮ್ಮದೂ ಹೇಳಬೇಕು. ಹೊಲದಲ್ಲಿ ಸುಂಕು ಬಿದ್ದಾಗ ಮೊದಲ ತಪಾಸಣೆ ಮಾಡೋದು ನಾವೇ. ಸೀರೆ ಸೆರಗಿನ ತುದಿ, ಟವೆಲ್ ಮೂಲೆ, ಬೆಂಕಿಕಡ್ಡಿಗೆ ಸುತ್ತಿದ ಹತ್ತಿ, ಕೆಲವು ಊರಲ್ಲಿ ನಾಲಿಗೆಯಿಂದ ಕಸ ತೆಗೆಯುವವರು. ನಾಲಿಗೆಯಲ್ಲಿ ಬಹಳ ಬ್ಯಾಕ್ಟೀರಿಯಾ ಇರ್ತವೆ. ಗೀರು ಆದ ಕಣ್ಣಿಗೆ ಅದನ್ನು ತಾಗಿಸೋದು ಬೀಜ ಬಿತ್ತಿದ ಹಾಗೆ. ಸೊಪ್ಪಿನ ರಸ, ಎದೆಹಾಲು, ಹರಳೆಣ್ಣೆ ಕೂಡ ಬೇಡ.

ಏನು ಮಾಡಬೇಕು? ಉಜ್ಜಬೇಡಿ. ಕೈ ತೊಳೆದುಕೊಳ್ಳಿ. ಕುಡಿಯುವ ಶುದ್ಧ ನೀರನ್ನು ಮೆಲ್ಲಗೆ ಕಣ್ಣ ಮೇಲೆ ಸುರಿದು ರೆಪ್ಪೆ ಬಡಿಯಿರಿ. ಕಾಲುವೆ, ಗದ್ದೆ ನೀರು ಬೇಡ. ಕಸ ಹೋಗದಿದ್ದರೆ, ಅಥವಾ ಹೋದ ಮೇಲೂ ಚುಚ್ಚುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಔಷಧ ಸಿಂಪರಣೆ ಮಾಡುವಾಗ ಕಣ್ಣಿಗೆ ಸಿಡಿದರೆ ಮಾತ್ರ ನೀರು ಹುಡುಕ್ತಾ ಕೂರಬೇಡಿ. ಹತ್ತಿರ ಇರುವ ಸ್ವಚ್ಛ ನೀರಲ್ಲಿ ತಕ್ಷಣ 15-20 ನಿಮಿಷ ತೊಳೆಯಿರಿ, ಆಮೇಲೆ ಔಷಧದ ಡಬ್ಬಿಯ ಫೋಟೋ ತೆಗೆದುಕೊಂಡು ಆಸ್ಪತ್ರೆಗೆ ಓಡಿ.

"ಅವತ್ತೇ" ಅಂತ ಒತ್ತಿ ಹೇಳಲು ಕಾರಣ ಇದೆ. ನೇಪಾಳದ ಭಕ್ತಪುರದಲ್ಲಿ ಕಾರ್ನಿಯಾಗೆ ಗೀರಾದ 442 ಹಳ್ಳಿಗರಿಗೆ ಊರಿನ ಆರೋಗ್ಯ ಕಾರ್ಯಕರ್ತರೇ ಮೂರು ದಿನ ಆಂಟಿಬಯೋಟಿಕ್ ಮುಲಾಮು ಕೊಟ್ಟು ನೋಡಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ 96 ಜನರಿಗೆ ಸೋಂಕಾಗದೇ ವಾಸಿಯಾಯಿತು. ಪೆಟ್ಟು ಬಿದ್ದ 18 ಗಂಟೆಯೊಳಗೆ ಔಷಧ ಶುರು ಮಾಡಿದವರಲ್ಲಿ ಒಬ್ಬರಿಗೂ ಹುಣ್ಣು ಆಗಲಿಲ್ಲ. ದುಬಾರಿ ಔಷಧ ಅಲ್ಲ, ಹೊತ್ತಿಗೆ ಸರಿಯಾಗಿ ಸಿಕ್ಕ ಔಷಧ.

ಔಷಧ ಅಂಗಡಿಯಲ್ಲಿ "ಕಣ್ಣು ಕೆಂಪಾಗೈತಿ, ಏನರ ಡ್ರಾಪ್ಸ್ ಕೊಡ್ರಿ" ಅನ್ನೋದು ದೊಡ್ಡ ತಪ್ಪು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಂತ ಸ್ಟೀರಾಯ್ಡ್ ಇರುವ ಹನಿ ಹಾಕಿದರೆ ಕೆಂಪು ಒಂದೇ ದಿನಕ್ಕೆ ಇಳಿಯುತ್ತೆ, ಹಾಯ್ ಅನಿಸುತ್ತೆ. ಒಳಗೆ ಶಿಲೀಂಧ್ರ ಇದ್ದರೆ ಅದು ಹುಲುಸಾಗಿ ಬೆಳೆಯುತ್ತೆ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಕರಿಗುಡ್ಡೆ ಮೇಲೆ ಬಿಳಿ ಕಲೆ ಕೂತಿರುತ್ತೆ. ಕಣ್ಣಿನ ಬೆಲೆ ತೆರಬೇಕಾಗುತ್ತೆ.

ಮನೆಯಲ್ಲಿ ಒಬ್ಬರ ಡ್ರಾಪ್ಸ್ ಇನ್ನೊಬ್ಬರು ಹಾಕಬೇಡಿ. ತೆರೆದ ಬಾಟಲಿ ಒಂದು ತಿಂಗಳ ಮೇಲೆ ಇಡಬೇಡಿ. ತೆರೆದ ದಿನವೇ ಮೊಬೈಲ್‌ನಲ್ಲಿ ಬಾಟಲಿಯ ಫೋಟೋ ತೆಗೆದು, ತಿಂಗಳ ನಂತರದ ದಿನಕ್ಕೆ ಅಲಾರಂ ಇಡಿ. ಕಣ್ಣು ಬಂದವರ ಟವೆಲ್, ದಿಂಬಿನ ಹೊದಿಕೆ, ಕಾಡಿಗೆ ಡಬ್ಬಿ ಬೇರೆ. ಅವರ ಮೊಬೈಲೂ ಬೇರೆಯವರು ಮುಟ್ಟಬಾರದು, ಇದನ್ನೇ ಎಲ್ಲರೂ ಮರೆಯೋದು.

ನಿಮ್ಮ ಊರಲ್ಲಿ ಶಿಬಿರ ಮಾಡಿಸುವವರಿದ್ದರೆ

ಯುವಕ ಸಂಘ, ಪಂಚಾಯಿತಿ, ಜಾತ್ರಾ ಕಮಿಟಿಯವರು ಶಿಬಿರ ಮಾಡಿಸುವಾಗ ಬ್ಯಾನರ್, ಊಟ, ಪೆಂಡಾಲ್ ಚಿಂತೆ ಮಾಡ್ತಾರೆ. ಜೊತೆಗೆ ಇವಿಷ್ಟು ಇರಲಿ:

• ಡಾಕ್ಟರ ಮೇಜಿನ ಪಕ್ಕದಲ್ಲೇ ನಳ ಇರುವ ನೀರಿನ ಕ್ಯಾನ್, ಸೋಪು, ಕೈ ಒರೆಸಲು ಕಾಗದ. ನೀರು ಹತ್ತು ಹೆಜ್ಜೆ ದೂರ ಇದ್ದರೆ ಯಾರೂ ಎದ್ದು ಹೋಗಲ್ಲ.
• ಬಾಗಿಲಲ್ಲೇ ಒಬ್ಬ ಹುಡುಗ ನಿಂತು ಕಣ್ಣು ಕೆಂಪಾದವರನ್ನು ಬೇರೆ ಸಾಲಿಗೆ ಕಳಿಸಲಿ. ಅವರನ್ನು ಕೊನೆಗೆ, ಬೇರೆ ಮೇಜಿನಲ್ಲಿ, ಬೇರೆ ಬಾಟಲಿಯಲ್ಲಿ ನೋಡಲಿ. ಸುಂಕು ಬಿದ್ದು ನೋಯುತ್ತಿರುವವರನ್ನು ಮಾತ್ರ ಮೊದಲು ಕಳಿಸಿ.
• ಬರುವ ತಂಡಕ್ಕೆ ಮೊದಲೇ ಫೋನ್ ಮಾಡಿ ಕೇಳಿ: ಒತ್ತಡ ನೋಡುವ ಸಾಧನ ಯಾವುದು, ತುದಿ ಎಷ್ಟು ಇವೆ, ನಡುವೆ ಹೇಗೆ ತೊಳೀತೀರಿ.
• ಬಳಸಿದ ಹತ್ತಿಗೆ ಹಳದಿ ಚೀಲ, ಸೂಜಿಗೆ ಮುಚ್ಚಳದ ಗಟ್ಟಿ ಡಬ್ಬಿ. ವೈದ್ಯಕೀಯ ಕಸಕ್ಕೆ 2016ರ ನಿಯಮ ಇದೆ. ಅದನ್ನು ತಂಡದವರೇ ವಾಪಸ್ ಒಯ್ಯಬೇಕು, ಶಾಲೆ ಹಿಂದಿನ ತಿಪ್ಪೆಗೆ ಹೋಗಬಾರದು.
• ಬಂದವರ ಹೆಸರು, ಫೋನ್ ನಂಬರ್ ಬರೆದಿಡಿ. ಮುಂದಿನ ಎರಡು ವಾರದಲ್ಲಿ ಮೂರು-ನಾಲ್ಕು ಜನರಿಗೆ ಒಟ್ಟಿಗೆ ಕಣ್ಣು ಬಂದರೆ ಶಿಬಿರದ ತಂಡಕ್ಕೂ, ಆರೋಗ್ಯ ಕೇಂದ್ರಕ್ಕೂ ತಿಳಿಸಲು ಅನುಕೂಲ. ಅಡಿನೋವೈರಸ್ ತಾಗಿದ ದಿನವೇ ಕಾಣಲ್ಲ, ಕಾಣಲು ಕೆಲವು ದಿನದಿಂದ ಎರಡು ವಾರದ ತನಕ ಹಿಡಿಯಬಹುದು.

ತಪಾಸಣೆ ಆದ ಮೇಲೆ ಈ ಲಕ್ಷಣ ಕಂಡರೆ

ಕಣ್ಣು ಕೆಂಪಾಗೋದು, ಮರಳು ಹಾಕಿದ ಹಾಗೆ ಚುಚ್ಚೋದು, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳೋದು, ಬೆಳಕು ನೋಡಲು ಆಗದಿರೋದು, ನೋಟ ಮಂಜಾಗೋದು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ. ಕೊನೆಯ ಮೂರರಲ್ಲಿ ಒಂದು ಇದ್ದರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪಾಪೆ ದೊಡ್ಡದು ಮಾಡುವ ಹನಿಯಿಂದ ಬರುವ ಮಂಜು ಮರುದಿನದ ಹೊತ್ತಿಗೆ ಹೋಗುತ್ತೆ. ಹೋಗದಿದ್ದರೆ ಸುಮ್ಮನಿರಬೇಡಿ. ಬೆಳಕಲ್ಲಿ ಕಣ್ಣಿನ ಫೋಟೋ ದಿನಕ್ಕೊಂದು ತೆಗೆದಿಟ್ಟರೆ ಹೆಚ್ಚಾಗ್ತಿದೆಯೋ ಕಡಿಮೆಯಾಗ್ತಿದೆಯೋ ಡಾಕ್ಟರಿಗೆ ತೋರಿಸಲು ಬರುತ್ತೆ. ಫೋಟೋ ಕಳಿಸಿ ವಾಟ್ಸಾಪ್‌ನಲ್ಲೇ ಔಷಧ ಕೇಳಬೇಡಿ.

ಆಪರೇಷನ್ ಆದವರ ಮನೆಯಲ್ಲಿ ಇನ್ನೂ ಹೆಚ್ಚು ಎಚ್ಚರ ಇರಲಿ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರಿಗೆ ತೊಂದರೆಯಾಗಿ, ಕೆಲವರು ಆ ಕಣ್ಣಿನ ದೃಷ್ಟಿ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಔಷಧದ ಮೇಲೆ ಅನುಮಾನ ಬಂದು ತನಿಖೆ ಆಯಿತು. ದೊಡ್ಡ ಆಸ್ಪತ್ರೆಯಲ್ಲೂ ಒಂದು ಬಾಟಲಿ ಕೆಟ್ಟರೆ ಎಷ್ಟು ಜನರಿಗೆ ಪೆಟ್ಟು ಅನ್ನೋದಕ್ಕೆ ಇದು ಸಾಕು. ಆಪರೇಷನ್ ಆದ ಮೇಲೆ ನೋವು ಹೆಚ್ಚಾದರೆ, ನೋಟ ಇಳಿದರೆ "ನಾಳೆ ನೋಡೋಣು" ಅನ್ನಬೇಡಿ. ಇಲ್ಲಿ ಗಂಟೆಗಳ ಲೆಕ್ಕ.

ಈ ವಾರ ಮಾಡಬೇಕಾದ ಕೆಲಸ

ಮನೆಯಲ್ಲಿರುವ ಕಣ್ಣಿನ ಡ್ರಾಪ್ಸ್ ಎಲ್ಲ ಹೊರಗೆ ತೆಗೆಯಿರಿ. ತಾರೀಕು ಮುಗಿದದ್ದು, ಯಾವಾಗ ತೆರೆದದ್ದು ನೆನಪಿಲ್ಲದ್ದು ಎಲ್ಲ ಬಿಸಾಕಿ. ಸುಗ್ಗಿಗೆ ಮುಂಚೆ ಮನೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ, ಕೂಲಿಗೆ ಬರುವವರಿಗೂ ಪಕ್ಕದಲ್ಲೂ ಮುಚ್ಚಿರುವ ಒಂದೊಂದು ಗಾಗಲ್ ತಂದಿಡಿ. ಒಬ್ಬರ ಗಾಗಲ್ ಇನ್ನೊಬ್ಬರಿಗೆ ಕೊಡುವ ಮುಂಚೆ ಸೋಪು ಹಾಕಿ ತೊಳೆಯಿರಿ. ಅಜ್ಜ-ಅಜ್ಜಿಯನ್ನು ಶಿಬಿರಕ್ಕೆ ಕಳಿಸುವಾಗ ಒಬ್ಬರು ಜೊತೆಗೆ ಹೋಗಿ, ಅವರ ಪರವಾಗಿ ಆ ಮೂರು ಮಾತು ನೀವೇ ಕೇಳಿ.

ಕತ್ತರಿ ಅದ್ದದೇ ಮುಂದಿನ ಗಿಡ ಮುಟ್ಟಿದ ಆಳಿಗೆ ತೋಟದಲ್ಲಿ ನಾವು ಸುಮ್ಮನೆ ಬಿಡ್ತೀವಾ? ಗಿಡ ಹೋದರೆ ಇನ್ನೊಂದು ನೆಡಬಹುದು. ಕಣ್ಣು ಹಾಗಲ್ಲ.